ಚಾರ್ಜರ್ ಎಷ್ಟಿದೆ ಅಂತ ಎಣಿಸಿದ್ದು ಸಾಕು, ನಡೆಯೋ ಪ್ಲಗ್ ಪಾಯಿಂಟ್ ಕೊಡಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಗಾಡಿಗಳ ಪಬ್ಲಿಕ್ ಚಾರ್ಜಿಂಗ್ ಸ್ಟೇಷನ್ ಲೆಕ್ಕದಲ್ಲಿ ಕರ್ನಾಟಕ ಇಡೀ ದೇಶಕ್ಕೇ ಫಸ್ಟು ಅನ್ನೋ ಸುದ್ದಿ ಆಗಾಗ ಪೇಪರಲ್ಲಿ ಬರ್ತಾನೇ ಇರ್ತದೆ, ಮಂತ್ರಿಗಳ ಫೋಟೋನೂ ಜೊತೆಗೆ. ಸುಳ್ಳೇನಲ್ಲ ಬಿಡಿ. 2024ರಲ್ಲೇ ರಾಜ್ಯದಲ್ಲಿ 5 ಸಾವಿರ ಸ್ಟೇಷನ್ ದಾಟಿತ್ತು. ಎಲೆಕ್ಟ್ರಿಕ್ ಗಾಡಿಗೆ ಅಂತಲೇ ಪಾಲಿಸಿ ಮಾಡಿದ ಮೊದಲ ರಾಜ್ಯವೂ ನಮ್ಮದೇ, 2017ರಲ್ಲಿ. ಆದ್ರೆ ಅದೇ ಪಟ್ಟೀನ ಜಿಲ್ಲೆವಾರು ನೋಡಿದ್ರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ ಇದಾವೆ, ಉಳಿದಿದ್ದನ್ನ ಮಿಕ್ಕ ಮೂವತ್ತು ಜಿಲ್ಲೆಯವರು ಹಂಚ್ಕೊಂಡಿದೀವಿ. ಆ ಮಿಕ್ಕಿದ್ದರಲ್ಲಿ ಎಷ್ಟು ಇವತ್ತು ಬೆಳಿಗ್ಗೆ ನಡೀತಾ ಇದೆ ಅಂತ ಯಾವ ಪಟ್ಟೀಲೂ ಬರೆಯೋದಿಲ್ಲ. ನಾನು ಈ ಪತ್ರ ಬರೀತಿರೋದು ಅದಕ್ಕೇ.

ನಮ್ಮೂರು ಸಾಗರ. ಪೇಟೇಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಕೊಂಡಿದೀನಿ, ವೈರಿಂಗ್ ಕೆಲಸಾನೂ ಮಾಡಿಸ್ತೀವಿ. ಮನೇಲಿ ಒಂದು ಸ್ಕೂಟರು ಒಂದು ಸಣ್ಣ ಕಾರು, ಎರಡೂ ಕರೆಂಟಿಂದೇ ಓಡೋದು, ಹಾಗಾಗಿ ಇದು ಯಾರದ್ದೋ ಕಷ್ಟ ಅಂತ ಬರೀತಿಲ್ಲ, ಅಂಗಡಿಗೆ ಬರೋರು ಕೇಳೋದು ನೋಡಿ ನೋಡಿ ಬರೀತಿದೀನಿ. ನಮ್ಮೂರಿನ ರಸ್ತೆ ಹೇಗೆ ಅಂತ ಗೊತ್ತಿಲ್ದೋರಿಗೆ ಹೇಳೋದಾದ್ರೆ, ಬೆಂಗಳೂರು ಹೊನ್ನಾವರ ರಸ್ತೆ ಊರೊಳಗೇ ಹಾಯ್ದು ಹೋಗ್ತದೆ, ಜೋಗ ಇಲ್ಲಿಂದ ಮೂವತ್ತು ಕಿಲೋಮೀಟರು, ಇಕ್ಕೇರಿ ಕೆಳದಿ ಇಲ್ಲೇ ಪಕ್ಕ. ಮೇಲಿಂದ 2025ರ ಜುಲೈನಲ್ಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಓಪನ್ ಆದ್ಮೇಲೆ ಸಿಗಂದೂರಿಗೆ ಹೋಗೋರು ಲಾಂಚಿಗೆ ಕಾಯೋದು ತಪ್ತು, ಕೊಲ್ಲೂರಿಗೂ ದಾರಿ ಹತ್ರ ಆಯ್ತು. ಮೊದಲು ಲಾಂಚಲ್ಲಿ ಒಂದು ಸಲಕ್ಕೆ ಎಷ್ಟು ಗಾಡಿ ಹಿಡೀತದೋ ಅಷ್ಟೇ ಗಾಡಿ ಆಚೆ ಹೋಗ್ತಿದ್ವು, ಈಗ ಎರಡೂವರೆ ಕಿಲೋಮೀಟರ್ ಹತ್ರ ಇರೋ ಸೇತುವೆ ಮೇಲೆ ಸಾಲುಸಾಲು ಹೋಗ್ತವೆ. ಅದರಲ್ಲಿ ಹಸಿರು ನಂಬರ್ ಪ್ಲೇಟಿನವು, ಅಂದ್ರೆ ಎಲೆಕ್ಟ್ರಿಕ್ ಗಾಡಿಗಳು, ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿರೋದು ಅಂಗಡಿ ಮುಂದೆ ಕೂತ್ರೇ ಕಾಣ್ತದೆ.

ಚಾರ್ಜರ್ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಆ್ಯಪ್ ತೆಗೆದ್ರೆ ಮ್ಯಾಪಲ್ಲಿ ಚುಕ್ಕಿ ಕಾಣ್ತದೆ. ಹಸಿರು ಚುಕ್ಕಿ, ಕೆಳಗೆ "ಲಭ್ಯ" ಅಂತಾನೂ ಇರ್ತದೆ. ಅಲ್ಲಿಗೆ ಹೋಗಿ ನೋಡಿದ್ರೆ ಸ್ಕ್ರೀನಲ್ಲಿ ಎಮರ್ಜೆನ್ಸಿ ಬಟನ್ ಒತ್ತಿದೆ ಅಂತ ಬಂದಿರ್ತದೆ, ಆ ಬಟನ್ ಯಾರೋ ಹುಡುಗ್ರು ಆಟಕ್ಕೆ ಒತ್ತಿ ಹೋಗಿರ್ತಾರೆ, ಅದನ್ನ ತಿರುಗಿಸಿ ಬಿಡಿಸ್ಬೇಕು ಅಂತ ಹೋಟೆಲ್ ಕೌಂಟರಲ್ಲಿ ಕೂತವ್ರಿಗೂ ಗೊತ್ತಿಲ್ಲ, ಬಿಡಿಸಿದ್ರೂ ಕೆಲವು ಮೆಷಿನ್ನು ಮತ್ತೆ ಸ್ಟಾರ್ಟ್ ಆಗೋದಿಲ್ಲ, ಬೆಂಗಳೂರಲ್ಲಿ ಕೂತೋರು ಅಲ್ಲಿಂದ ರೀಸೆಟ್ ಮಾಡ್ಬೇಕು. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಹಿಂದಿ ಬರ್ತದಾ ಇಂಗ್ಲಿಷ್ ಬರ್ತದಾ ಅಂತ ಕೇಳ್ತಾರೆ, ಕನ್ನಡ ಒತ್ತೋಕೆ ನಂಬರೇ ಇಲ್ಲ. ಕಂಪನಿ ಹೆಸರು ಹೇಳೋದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಎಲ್ರದ್ದೂ ಒಂದೇ ಕತೆ.

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಅಂಗಡಿ ಅರ್ಧ ಶಟರ್ ಎಳೆದಿದ್ದೆ, ಒಬ್ರು ಬಂದು "ಅಣ್ಣಾ, 16 ಆಂಪಿಯರ್ ಪ್ಲಗ್ ಇದ್ಯಾ" ಅಂದ್ರು. ಕೊಳ್ಳೋಕೆ ಕೇಳ್ತಿದಾರೆ ಅಂತ ಡಬ್ಬ ತೆಗೆಯೋಕೆ ಹೋದೆ. ಅಲ್ಲ, ಕಾರಿಗೆ ಹಚ್ಚೋಕೆ. ಜೋಗ ನೋಡ್ಕೊಂಡು ಬಂದಿದ್ರು, ಹಿಂದಿನ ಸೀಟಲ್ಲಿ ವಯಸ್ಸಾದ ಅಮ್ಮ, ಎರಡು ಮಕ್ಕಳು. ಜೋಗದಿಂದ ಬರುವಾಗ ಇಲ್ಲಿ ಚಾರ್ಜ್ ಮಾಡ್ಕೊಂಡು ಶಿವಮೊಗ್ಗಕ್ಕೆ ಹೋಗೋದು ಅಂತ ಮ್ಯಾಪ್ ನೋಡಿ ಲೆಕ್ಕ ಹಾಕಿದ್ರಂತೆ, ಇಲ್ಲಿ ಮೆಷಿನ್ ಸತ್ತಿತ್ತು. ಶಿವಮೊಗ್ಗ ಎಪ್ಪತ್ತು ಕಿಲೋಮೀಟರು, ಬ್ಯಾಟರಿ ಅಷ್ಟಿರಲಿಲ್ಲ. ಅಂಗಡಿ ಪ್ಲಗ್ಗಿಗೆ ಅವರ ಕೇಬಲ್ ಹಾಕಿದ್ವಿ, ಕೇಬಲ್ಲಿನ ಡಬ್ಬೀಲಿ ಕೆಂಪು ಲೈಟು. ಅರ್ಥಿಂಗ್ ಸಾಲ್ತಿಲ್ಲ. ಎಲೆಕ್ಟ್ರಿಕಲ್ ಅಂಗಡೀದೇ ಅರ್ಥಿಂಗ್ ಸರಿ ಇಲ್ವಾ ಅಂತ ನಗ್ಬೇಡಿ, ನಮ್ಮದು ಹಳೇ ಬಿಲ್ಡಿಂಗು, ಜಂಬಿಟ್ಟಿಗೆ ನೆಲ, ಗುಂಡೀಲಿ ಇದ್ದಿಲು ಉಪ್ಪು ಹಾಕಿ ವರ್ಷಗಳಾಗಿತ್ತು, ಮೇಲೆ ಸೂರು ಇರೋದ್ರಿಂದ ಮಳೆ ನೀರೂ ಅಲ್ಲಿಗೆ ಇಳಿಯೋದಿಲ್ಲ. ಫ್ಯಾನು ಲೈಟಿಗೆ ಅದು ಗೊತ್ತೇ ಆಗೋದಿಲ್ಲ, ಕಾರು ಮಾತ್ರ ಕರೆಂಟೇ ಎಳೆಯೋದಿಲ್ಲ. ಎರಡು ಕೊಡ ನೀರು ತಂದು ಗುಂಡಿಗೆ ಸುರಿದು ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಹಸಿರು ಲೈಟ್ ಬಂತು. ಮೂರು ಕಿಲೋವ್ಯಾಟಿನ ಪ್ಲಗ್ಗಲ್ಲಿ ಶಿವಮೊಗ್ಗಕ್ಕೆ ಸಾಕಾಗುವಷ್ಟು ತುಂಬ್ಬೇಕಾದ್ರೆ ಮೂರು ನಾಲ್ಕು ಗಂಟೆ. ಅವರ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿ ಮಲಗಿಸಿದ್ವಿ, ಅವರು ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ದುಡ್ಡು ಕೊಡೋಕೆ ಬಂದ್ರು, ಹತ್ತು ಯೂನಿಟ್ಟಿಗೆ ಏನು ತಗೊಳ್ಳೋದು ಮಾರಾಯ್ರೆ.

ಇಂಥದ್ದಕ್ಕೆ ಆ ಕಂಪನಿಯೋರನ್ನ ಬೈದ್ರೆ ಆಯ್ತಾ ಅಂತ ಕೇಳಿದ್ರೆ, ಪೂರ್ತಿ ಇಲ್ಲ. ಅವರ ಲೆಕ್ಕಾನೂ ನೋಡಿ. 60 ಕಿಲೋವ್ಯಾಟಿನ ಡಿಸಿ ಫಾಸ್ಟ್ ಚಾರ್ಜರ್ ಹಾಕ್ಬೇಕು ಅಂದ್ರೆ ಮೆಷಿನ್ನು, ಕೇಬಲ್ಲು, ಬೇಕಾದ್ರೆ ಹೊಸ ಟೀಸಿ ಅಂದ್ರೆ ಟ್ರಾನ್ಸ್‌ಫಾರ್ಮರ್, ಎಲ್ಲ ಸೇರಿ ಲಕ್ಷಗಳ ಮಾತು. ಕರೆಂಟೇನೋ ಚಾರ್ಜಿಂಗ್ ಸ್ಟೇಷನ್ನಿಗೆ ಅಗ್ಗದಲ್ಲೇ ಸಿಗ್ತದೆ, ಕರೆಂಟ್ ರೇಟ್ ನಿಗದಿ ಮಾಡೋ ಕೆಇಆರ್‌ಸಿಯ 2024ರ ಆದೇಶದಲ್ಲಿ ಯೂನಿಟ್ಟಿಗೆ 4 ರೂಪಾಯಿ 50 ಪೈಸೆ ಇತ್ತು, ಮನೆ ಕರೆಂಟಿಗಿಂತ ಕಮ್ಮಿ. ಆದ್ರೆ ಅದರ ಜೊತೆ ತಗೊಂಡ ಲೋಡಿಗೆ ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಕಟ್ಬೇಕು, ಒಂದು ಕಾರೂ ಬರದಿದ್ರೂ ಕಟ್ಬೇಕು. ಬೆಂಗಳೂರಲ್ಲಿ ದಿನಾ ಇಪ್ಪತ್ತು ಕಾರ್ ಬಂದ್ರೆ ಅದು ಲೆಕ್ಕಕ್ಕೇ ಬರೋದಿಲ್ಲ. ನಮ್ಮಂಥ ಊರಲ್ಲಿ ವೀಕೆಂಡಿಗೆ ನಾಲ್ಕಾರು ಬಂದು ಸೋಮವಾರದಿಂದ ಗುರುವಾರದವರೆಗೆ ಯಾರೂ ಇಲ್ಲ ಅಂದ್ರೆ ಮೆಷಿನ್ ತನ್ನ ಖರ್ಚನ್ನೇ ದುಡಿಯೋದಿಲ್ಲ. ಅದನ್ನ ತುಂಬಿಸ್ಕೊಳ್ಳೋಕೆ ಯೂನಿಟ್ಟಿಗೆ ಇಪ್ಪತ್ತರ ಹತ್ರ ರೇಟ್ ಇಡ್ತಾರೆ, ಮೇಲೆ ಶೇ 18 ಜಿಎಸ್‌ಟಿ. ರೇಟ್ ನೋಡಿ ಲೋಕಲ್ ಜನ ಅತ್ಲಾಗೆ ಹೋಗೋದಿಲ್ಲ, ಜನ ಬರೋದಿಲ್ಲ ಅಂತ ಕೆಟ್ರೆ ಟೆಕ್ನೀಷಿಯನ್ ಕಳ್ಸೋದಿಲ್ಲ, ಕೆಟ್ಟಿದೆ ಅಂತ ಗೊತ್ತಾದ್ಮೇಲೆ ಟೂರಿಸ್ಟೂ ಬರೋದಿಲ್ಲ. ಹಿಂಗೆ ಸುತ್ತು ಹೊಡ್ಕೊಂಡು ಕೊನೆಗೆ ಆ ಮೆಷಿನ್ ಮೇಲೆ ಹೋಟೆಲ್ನವ್ರು ಒದ್ದೆ ಮ್ಯಾಟ್ ಒಣಗ್ಸೋಕೆ ಹಾಕಿರ್ತಾರೆ. ಇದು ನಾನು ಕಣ್ಣಾರೆ ನೋಡಿದ್ದು.

ಅದಕ್ಕೇ ನಾನು ಹೇಳೋದು, ಸಣ್ಣ ಊರಿಗೆ ಬೆಂಗಳೂರಿನ ಅಳತೆ ಹಿಡೀಬೇಡಿ. ಹೈವೇ ಪಕ್ಕ ಒಂದೆರಡು ದೊಡ್ಡ ಮೆಷಿನ್ ಬೇಕು, ಇಲ್ಲ ಅನ್ನೋದಿಲ್ಲ, ದೂರದಿಂದ ಬಂದು ಅರ್ಧ ಗಂಟೇಲಿ ಕಾಫಿ ಕುಡಿದು ಹೊರಡೋರಿಗೆ ಅದು ಬೇಕೇ ಬೇಕು. ಆದ್ರೆ ಊರಿಗೆ ನಿಜವಾಗಿ ಬೇಕಾಗಿರೋದು ನಿಧಾನಕ್ಕೆ ಚಾರ್ಜ್ ಆಗೋ, ಅಗ್ಗದ, ಕೆಡೋಕೆ ಒಳಗೆ ಏನೂ ಇಲ್ಲದ ಸಾದಾ ಪಾಯಿಂಟು. 16 ಆಂಪಿಯರಿನ ಸಾಕೆಟ್, ಲೋಡ್ ಜಾಸ್ತಿ ಆದ್ರೆ ಬೀಳೋ ಎಂಸಿಬಿ, ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒಂದು ಸಬ್ ಮೀಟರ್, ಮಳೆ ತಾಗದ ಹಾಗೆ ಒಂದು ಪೆಟ್ಟಿಗೆ, ಸರಿಯಾಗಿ ತೋಡಿದ ಅರ್ಥಿಂಗ್. ಇಷ್ಟೇ.

ಯಾಕೆ ಅಂದ್ರೆ ಗಾಡಿಗಳೂ ಹಾಗೇ ಇದಾವೆ. ನಮ್ಮ ಕಡೆ ಜಾಸ್ತಿ ಇರೋದು ಸ್ಕೂಟರು, ಅದರ ಚಾರ್ಜರ್ ಮಾಮೂಲಿ ಪ್ಲಗ್ಗಿಗೇ ಹಾಕೋದು. ಫಾಸ್ಟ್ ಚಾರ್ಜರ್ ಅಂತ ಹೋದ್ರೆ ಒಂದು ಕಂಪನಿ ಗನ್ನು, ಅಂದ್ರೆ ಗಾಡಿಗೆ ಚುಚ್ಚೋ ಕನೆಕ್ಟರು, ಇನ್ನೊಂದಕ್ಕೆ ಕೂರೋದಿಲ್ಲ, ಸ್ಕೂಟರಿಗೆ ಅಂತ ದೇಶಕ್ಕೊಂದು ಕನೆಕ್ಟರ್ ಸ್ಟ್ಯಾಂಡರ್ಡ್ 2023ರಲ್ಲಿ ಐಎಸ್‌ಐ ಮಾರ್ಕ್ ಕೊಡೋ ಬಿಐಎಸ್ ಒಪ್ಪಿದ್ರೂ ಎಲ್ಲ ಕಂಪನಿಯೋರು ಅದಕ್ಕೆ ಬಂದಿಲ್ಲ. ಎಲೆಕ್ಟ್ರಿಕ್ ಆಟೋನೂ ಪ್ಲಗ್ಗೇ, ನಾಲ್ಕು ಗಂಟೆ ಹತ್ರ ಹಾಕಿದ್ರೆ ತುಂಬ್ತದೆ. ಕಾರಲ್ಲೂ ಸಣ್ಣದೇ ಜಾಸ್ತಿ. 24 ಯೂನಿಟ್ ಬ್ಯಾಟರಿಯ ಟಿಯಾಗೋ ಎಲೆಕ್ಟ್ರಿಕ್ ಕಾರನ್ನ 60 ಕಿಲೋವ್ಯಾಟಿನ ಮೆಷಿನ್ನಿಗೆ ಹಚ್ಚಿದ್ರೂ ಹತ್ತರಿಂದ ಎಂಬತ್ತು ಪರ್ಸೆಂಟಿಗೆ ಒಂದು ಗಂಟೆ ಹತ್ರ ಬೇಕೇ ಬೇಕು, ಅದರ ಗಂಟಲಲ್ಲಿ ಇಳಿಯೋದೇ ಅಷ್ಟು. ಕಾಮೆಟ್ ಕಾರಿಗೆ ಡಿಸಿ ಗನ್ ಹಾಕೋ ಜಾಗವೇ ಇಲ್ಲ. ಅವರಿಗೆ ಹೈವೇ ಮೆಷಿನ್ ತೋರಿಸಿ ಏನು ಉಪಯೋಗ?

ಇನ್ನೊಂದು ಸಂಗತಿ, ಇದನ್ನ ಬೆಂಗಳೂರಲ್ಲಿ ಕೂತು ಪಾಲಿಸಿ ಬರೆಯೋರು ಯೋಚನೆ ಮಾಡಿದ ಹಾಗೆ ಕಾಣೋದಿಲ್ಲ. ಗೃಹಜ್ಯೋತಿ. ಎಲೆಕ್ಟ್ರಿಕ್ ಗಾಡಿ ಅಂದ್ರೆ ಮನೇಲೇ ಚಾರ್ಜ್ ಮಾಡ್ಕೊತಾರೆ, ಸಣ್ಣ ಊರಿಗೆ ಪಬ್ಲಿಕ್ ಚಾರ್ಜಿಂಗ್ ಯಾಕೆ ಅನ್ನೋರು ಇದಾರಲ್ಲ, ಅವರು ಇದನ್ನ ಕೇಳ್ಬೇಕು. 200 ಯೂನಿಟ್ ದಾಟಿದ್ರೆ ಇಡೀ ಬಿಲ್ ಕಟ್ಬೇಕು, 200ರ ಒಳಗಿದ್ರೂ ಹಳೇ ಸರಾಸರಿ ಮೇಲೆ ಶೇ 10ಕ್ಕಿಂತ ಜಾಸ್ತಿ ಉರಿಸಿದ್ದಕ್ಕೆ ದುಡ್ಡು. ಸಣ್ಣ ಕಾರನ್ನ ಖಾಲಿಯಿಂದ ತುಂಬಿಸೋಕೆ 26, 27 ಯೂನಿಟ್ ಹೋಗ್ತದೆ. ತಿಂಗಳಿಗೆ ಐದಾರು ಸಲ ತುಂಬಿದ್ರೆ ಮಾಮೂಲಿ ಮನೆಯೋರು ಸ್ಕೀಮಿಂದ ಹೊರಗೆ. ಆಟೋದವ್ರಿಗಂತೂ ದಿನಾ ಚಾರ್ಜ್ ಮಾಡ್ಲೇಬೇಕು. ಅಂಗಡಿಗೆ ಬರೋ ಒಬ್ಬ ಆಟೋದ ಹುಡುಗ, ಬಾಡಿಗೆ ಮನೇಲಿರೋದು, ಓನರು ನಿನ್ನ ಆಟೋಗೆ ನನ್ನ ಮೀಟರಿಂದ ಕರೆಂಟ್ ಎಳೀಬೇಡ ಅಂದಿದಾರೆ. ಅವನು ಅಕ್ಕನ ಮನೆ ಜಗಲೀಲಿ ಚಾರ್ಜಿಗೆ ಹಾಕಿ ಅಲ್ಲಿಂದ ನಡ್ಕೊಂಡು ಮನೆಗೆ ಹೋಗ್ತಾನೆ, ಬೆಳಿಗ್ಗೆ ಮತ್ತೆ ನಡ್ಕೊಂಡು ಬರ್ತಾನೆ. ಇವನ ಹೆಸರು ಯಾವ ಸರ್ವೇಲಾದ್ರೂ ಬಂದಿರ್ತದಾ?

ಜಾಗಕ್ಕೇನು ಬರ ಇಲ್ಲ. ಗಾಡಿ ಹೇಗೂ ಗಂಟೆಗಟ್ಟಲೆ ನಿಲ್ಲೋ ಜಾಗ ಎಲ್ಲಿದೆ ನೋಡಿ, ಅಲ್ಲಿ ಪಾಯಿಂಟ್ ಹಾಕಿ. ಎಪಿಎಂಸಿ ಯಾರ್ಡಿಗೆ ಅಡಿಕೆ ತಂದೋರು ವ್ಯಾಪಾರ ಮುಗಿಸಿ, ಮಂಡಿ ಲೆಕ್ಕ ಮಾಡ್ಕೊಂಡು, ಪೇಟೆ ಕೆಲಸ ಎಲ್ಲ ಮಾಡಿ ಹೊರಡೋಷ್ಟ್ರಲ್ಲಿ ಅರ್ಧ ದಿನ. ಉಪವಿಭಾಗೀಯ ಆಸ್ಪತ್ರೇಲಿ ಪೇಷೆಂಟ್ ಜೊತೆ ಬಂದೋರು ಇಡೀ ದಿನ ಇರ್ತಾರೆ, ಅಲ್ಲಿ ಕೆಲಸ ಮಾಡೋ ನರ್ಸಮ್ಮನೋರ ಸ್ಕೂಟರು ಎಂಟು ಗಂಟೆ ಸುಮ್ಮನೆ ಬಿಸಿಲಲ್ಲಿ ನಿಂತಿರ್ತದೆ. ಜಂಬಗಾರು ರೈಲ್ವೆ ಸ್ಟೇಷನ್ನಲ್ಲಿ ಗಾಡಿ ನಿಲ್ಲಿಸಿ ಶಿವಮೊಗ್ಗಕ್ಕೆ ಹೋಗಿ ಸಂಜೆ ಬರೋರಿದಾರೆ. ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್ ಪಕ್ಕದ ಪಾರ್ಕಿಂಗು, ತಾಲ್ಲೂಕು ಆಫೀಸು, ಗಣಪತಿ ಕೆರೆ ಏರಿ ಕಡೆ, ಜೋಗದ ಪಾರ್ಕಿಂಗು, ಸೇತುವೆ ದಾಟಿದ್ಮೇಲೆ ಸಿಗಂದೂರಲ್ಲಿ. ಲಾಡ್ಜಿನವ್ರಂತೂ ರಾತ್ರಿ ಉಳಿಯೋ ಗಿರಾಕಿಗೆ ಎರಡು ಪ್ಲಗ್ ಕೊಟ್ರೆ ಬೆಳಿಗ್ಗೆ ಅಷ್ಟೊತ್ತಿಗೆ ಕಾರು ಫುಲ್, ಒಂಬತ್ತು ಗಂಟೆ ಸಾಕು. ನಮ್ಮೂರಿನ ಕೆಲವು ಹೋಂಸ್ಟೇಯೋರು ಆಗ್ಲೇ ಹಾಕ್ಸಿದಾರೆ, ಬುಕ್ ಮಾಡೋಕೆ ಮೊದ್ಲೇ ಫೋನಲ್ಲಿ ಅದನ್ನೇ ಕೇಳ್ತಾರಂತೆ ಬೆಂಗಳೂರೋರು.

ಸರ್ಕಾರದ ಕಾಗದ ಎಲ್ಲ ನೋಡಿದ್ರೆ ಅಡ್ಡಿ ಎಲ್ಲೂ ಇಲ್ಲ, ಅದೇ ಆಶ್ಚರ್ಯ. ಚಾರ್ಜಿಂಗ್ ಸ್ಟೇಷನ್ ಹಾಕೋಕೆ ವಿದ್ಯುತ್ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. 2024ರ ಸೆಪ್ಟೆಂಬರಿನ ಕೇಂದ್ರದ ಗೈಡ್‌ಲೈನ್ಸಲ್ಲಿ ಹೈವೇಲಿ 20 ಕಿಲೋಮೀಟರಿಗೊಂದು ಸ್ಟೇಷನ್ ಇರ್ಬೇಕು, ಪಟ್ಟಣದಲ್ಲಿ 2030ರೊಳಗೆ ಒಂದು ಕಿಲೋಮೀಟರ್ ಚೌಕಕ್ಕೊಂದು ಅಂತಿದೆ. ಎಲೆಕ್ಟ್ರಿಕ್ ಗಾಡಿಗಳಿಗೆ ಅಂತ ಕೇಂದ್ರ ಮಾಡಿದ ಪಿಎಂ ಇ-ಡ್ರೈವ್ ಯೋಜನೇಲಿ 10,900 ಕೋಟಿ, ಅದರಲ್ಲಿ ಚಾರ್ಜಿಂಗ್‌ಗೇ ಅಂತ 2,000 ಕೋಟಿ ಇಟ್ಟಿದಾರೆ, 72 ಸಾವಿರಕ್ಕೂ ಹೆಚ್ಚು ಚಾರ್ಜರ್ ಹಾಕೋದು ಗುರಿ, ಅದರಲ್ಲಿ 48,400 ಸ್ಕೂಟರು ಆಟೋಗಳಿಗೆ ಅಂತಲೇ. ಕೇಳೋಕೆ ಚೆನ್ನಾಗಿದೆ. ಆದ್ರೆ ಆದ್ಯತೆ ಎಲ್ಲಿಗೆ ಅಂತ ನೋಡಿದ್ರೆ ದೊಡ್ಡ ನಗರ, ಸ್ಮಾರ್ಟ್ ಸಿಟಿ, ರಾಜಧಾನಿ, ಓಡಾಟ ಜಾಸ್ತಿ ಇರೋ ಹೈವೇ. ತಾಲ್ಲೂಕು ಕೇಂದ್ರಗಳು ಕೊನೇ ಪಂಕ್ತಿ, ಅಷ್ಟೊತ್ತಿಗೆ ಸಾರು ತಿಳಿಯಾಗಿರ್ತದೆ. ಸ್ಕೂಟರ್ ಆಟೋಗಳಿಗೆ 3 ಕಿಲೋವ್ಯಾಟಿನ, 3,500 ರೂಪಾಯಿ ಒಳಗಿನ ಅಗ್ಗದ ಚಾರ್ಜ್ ಪಾಯಿಂಟು ಕಿರಾಣಿ ಅಂಗಡಿ ಮುಂದೂ ಇರೋ ಹಾಗೆ ಮಾಡ್ತೀವಿ ಅಂತ 2021ರಲ್ಲಿ ದೆಹಲೀಲಿ ದೊಡ್ಡ ಮಾತಾಗಿತ್ತು, ಅದಕ್ಕೆ ಬಿಐಎಸ್ ಸ್ಟ್ಯಾಂಡರ್ಡೂ ಬಂತು. ನಾನು ಇದೇ ವ್ಯಾಪಾರದಲ್ಲಿ ಇರೋನು, ನಮ್ಮ ಹೋಲ್‌ಸೇಲ್‌ನವ್ರ ಹತ್ರ ಕೇಳಿದ್ರೆ ಅಂಥದ್ದೊಂದಿದೆ ಅಂತಾನೇ ಅವರಿಗೆ ಗೊತ್ತಿಲ್ಲ.

ನಮ್ಮ ತಾಲ್ಲೂಕಿನೋರಿಗೆ ಇದರಲ್ಲಿ ಇನ್ನೊಂದು ಉರಿ ಇದೆ, ಅದನ್ನೂ ಹೇಳಿಬಿಡ್ತೀನಿ. ಜೋಗದಲ್ಲಿ ಪವರ್‌ಹೌಸ್ ಶುರುವಾಗಿದ್ದು 1948ರಲ್ಲಿ, ಆಮೇಲೆ ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿ ಊರಿಗೆ ಊರೇ ಮುಳುಗ್ತು, ಶರಾವತಿ ಜನರೇಟಿಂಗ್ ಸ್ಟೇಷನ್ ಒಂದರಿಂದಲೇ 1,035 ಮೆಗಾವ್ಯಾಟ್. ನಾಡಿಗೆ ಬೆಳಕು ಕೊಟ್ಟವರು ಅಂತ ಭಾಷಣದಲ್ಲಿ ಹೊಗಳ್ತಾರೆ. ಆ ಹಿನ್ನೀರಿನ ದಂಡೇಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಎರಡು ದಿನ ಕತ್ತಲೆ. ಈಗ ಅದೇ ಕಣಿವೇಲಿ ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡೋ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾತು ನಡೀತಿದೆ, ಅದು ಬೇಕಾ ಬೇಡ್ವಾ ಅನ್ನೋದು ಬೇರೆ ಜಗಳ, ಇಲ್ಲಿ ಎತ್ತೋದಿಲ್ಲ. ಇಷ್ಟು ಕರೆಂಟ್ ಹುಟ್ಟೋ ಜಾಗದಲ್ಲಿ ಒಂದು ಆಟೋ ಚಾರ್ಜ್ ಮಾಡ್ಕೊಳ್ಳೋಕೆ ಅಕ್ಕನ ಮನೆ ಜಗಲಿ ಹುಡುಕ್ಬೇಕಾ?

ಮಳೆಗಾಲದ ಮಾತು ಬಂತಲ್ಲ, ಇದೂ ಒಂದು. ಇಲ್ಲಿ ಚಾರ್ಜರ್ ಹಾಕೋರು ಕರೆಂಟ್ ಹೋದಾಗ ಏನು ಅಂತ ಯೋಚನೆ ಮಾಡೇ ಇಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಹೋಗ್ತದೆ. ಕರೆಂಟ್ ವಾಪಸ್ ಬಂದ್ರೂ ನೆಟ್‌ವರ್ಕ್ ಬರೋವರೆಗೆ ಆ್ಯಪ್ ತೆರೆಯೋದಿಲ್ಲ, ಓಟಿಪಿ ಬರೋದಿಲ್ಲ, ಮೆಷಿನ್ನಿಗೂ ಸರ್ವರ್ ಸಿಗೋದಿಲ್ಲ. ಎದುರಿಗೆ ಕರೆಂಟ್ ಇದೆ, ಜೇಬಲ್ಲಿ ದುಡ್ಡಿದೆ, ಕಾರು ಮಾತ್ರ ಖಾಲಿ. ಪ್ರತಿ ಕಂಪನಿಗೂ ಒಂದೊಂದು ಆ್ಯಪು, ಪ್ರತಿ ಆ್ಯಪಲ್ಲೂ ನೂರಿನ್ನೂರು ವ್ಯಾಲೆಟ್ಟಿಗೆ ಹಾಕಿಡ್ಬೇಕು, ಆ ದುಡ್ಡು ಅಲ್ಲೇ ಕೊಳೀತದೆ. ಎಲ್ಲಾದಕ್ಕೂ ಸೇರಿ ಒಂದೇ ಆ್ಯಪ್ ಮಾಡೋ ಕೆಲಸ ಕೇಂದ್ರ ಸರ್ಕಾರದ ಕಂಪನಿ ಬಿಎಚ್‌ಇಎಲ್‌ಗೆ ವಹಿಸಿದಾರೆ ಅಂತ 2025ರಲ್ಲಿ ಸುದ್ದಿ ಬಂತು, ಒಳ್ಳೇದೇ. ಆದ್ರೆ ನಮಗೆ ಆ್ಯಪಿಗಿಂತ ಮೊದ್ಲು ಒಬ್ಬ ಮನುಷ್ಯ ಬೇಕು. ಪಾರ್ಕಿಂಗ್ ಚೀಟಿ ಹರಿಯೋನೇ ಸಾಕು. ಮೀಟರ್ ರೀಡಿಂಗ್ ಬರ್ಕೊಂಡು, ಹೋಗುವಾಗ ಇಷ್ಟು ಯೂನಿಟ್ ಇಷ್ಟು ರೂಪಾಯಿ ಅಂತ ಹೇಳಿ ಫೋನ್‌ಪೇಗೆ ಹಾಕಿಸ್ಕೊಂಡ್ರೆ ಮುಗೀತು, ನೆಟ್‌ವರ್ಕ್ ಇಲ್ದಿದ್ರೆ ನೋಟು.

ಇದನ್ನೆಲ್ಲ ಒಬ್ಬ ನಗರಸಭೆ ಸದಸ್ಯರ ಹತ್ರ ಹೇಳಿದಾಗ ಅವರು ಕೇಳಿದ್ದು ಎರಡು ಪ್ರಶ್ನೆ. ಸಾಕೆಟ್ ಬಯಲಲ್ಲಿ ಇಟ್ರೆ ಪಾನಿಪೂರಿ ಗಾಡಿಯೋರು ಲೈಟಿಗೆ ಎಳ್ಕೊಂಡ್ರೆ ಏನ್ ಮಾಡ್ತೀರಿ ಅಂತ ಒಂದು. ಬೀಗ ಹಾಕೋ ಪೆಟ್ಟಿಗೆ ಇರ್ತದೆ, ಬೀಗದ ಕೈ ಪಾರ್ಕಿಂಗ್ನೋನ ಹತ್ರ ಇರ್ತದೆ, ಅದೇನು ದೊಡ್ಡ ವಿಷಯ ಅಲ್ಲ. ಎರಡನೇದು, ಶಾಕ್ ಹೊಡೆದು ಯಾರಿಗಾದ್ರೂ ಏನಾದ್ರೂ ಆದ್ರೆ ಜವಾಬ್ದಾರಿ ಯಾರದು ಅಂತ. ಈ ಪ್ರಶ್ನೆ ಸರಿಯಾದ್ದೇ, ಇದಕ್ಕೆ ಹಾರಿಕೆ ಉತ್ತರ ಕೊಡೋಕಾಗೋದಿಲ್ಲ. ಆರ್‌ಸಿಸಿಬಿ ಹಾಕ್ಲೇಬೇಕು, ಅದರ ಟೆಸ್ಟ್ ಬಟನ್ ತಿಂಗಳಿಗೊಂದು ಸಲ ಒತ್ತಿ ನೋಡ್ಬೇಕು, ಬೇಸಿಗೇಲಿ ಅರ್ಥಿಂಗ್ ಗುಂಡಿಗೆ ನೀರು ಹಾಕ್ಬೇಕು, ವರ್ಷಕ್ಕೊಮ್ಮೆ ಅರ್ಥ್ ಟೆಸ್ಟರ್ ಹಚ್ಚಿ ಅರ್ಥಿಂಗ್ ಅಳೀಬೇಕು. ಈ ಕೆಲಸಾನ ಊರಲ್ಲೇ ಇರೋ ಲೈಸೆನ್ಸ್ ಇರೋ ವೈರ್‌ಮನ್ ಒಬ್ಬರಿಗೆ ವರ್ಷದ ಕಾಂಟ್ರ್ಯಾಕ್ಟ್ ಕೊಡಿ, ಪೆಟ್ಟಿಗೆ ಮೇಲೆ ಅವರ ಫೋನ್ ನಂಬರ್ ದಪ್ಪಗೆ ಬರೀರಿ, ಕನ್ನಡದಲ್ಲಿ. ಐಟಿಐ ಕಲಿತ ಹುಡುಗ್ರು ಎಷ್ಟು ಜನ ಕೆಲಸ ಇಲ್ದೆ ಬೆಂಗಳೂರು ಬಸ್ ಹತ್ತಿದಾರೆ. ಬೆಂಗಳೂರಿಂದ ಟೆಕ್ನೀಷಿಯನ್ ಬರೋದಕ್ಕೆ ಮುನ್ನೂರೈವತ್ತು ಕಿಲೋಮೀಟರಿಗಿಂತ ಜಾಸ್ತಿ, ಇವರು ಸೈಕಲ್ಲಲ್ಲಿ ಬರ್ತಾರೆ.

ಪೆಟ್ರೋಲ್ ಕಾರಿನವ್ರಿಗೂ ಒಂದು ಮಾತು. ಚಾರ್ಜಿಂಗ್ ಜಾಗ ಖಾಲಿ ಇದೆ, ನೆರಳೂ ಇದೆ ಅಂತ ಅಲ್ಲಿ ಕಾರ್ ನಿಲ್ಲಿಸಿ ಊಟಕ್ಕೆ ಹೋಗ್ಬೇಡಿ. ಬಂಕಲ್ಲಿ ಪಂಪ್ ಮುಂದೆ ನಾವ್ಯಾರೂ ಹಾಗೆ ನಿಲ್ಲಿಸೋದಿಲ್ಲ ಅಲ್ವಾ.

ಹೊಸದಾಗಿ ಕಟ್ಟೋ ಕಾಂಪ್ಲೆಕ್ಸ್, ಕಲ್ಯಾಣ ಮಂಟಪಗಳಿಗೆ ಪ್ಲಾನ್ ಪಾಸ್ ಮಾಡುವಾಗಲೇ ಪಾರ್ಕಿಂಗಲ್ಲಿ ಇದಕ್ಕೆ ಜಾಗ ಬಿಡಿಸ್ಬಹುದು, ಪಾರ್ಕಿಂಗಿನ ಶೇ 20ರಷ್ಟು ಇದಕ್ಕೆ ರೆಡಿ ಇರ್ಲಿ ಅಂತ 2019ರಲ್ಲೇ ಕೇಂದ್ರದ ಮಾದರಿ ಬೈಲಾದಲ್ಲಿ ಸೇರಿಸಿದಾರೆ. ಕಟ್ಟಡ ಎದ್ದ ಮೇಲೆ ಗೋಡೆ ಒಡೆದು ವೈರ್ ಎಳೆಯೋದಕ್ಕಿಂತ ಆಗ್ಲೇ ಒಂದು ಖಾಲಿ ಪೈಪ್ ಹೂತಿಟ್ರೆ ನೂರು ರೂಪಾಯಿ ಕೆಲಸ.

ಹಾಗಾಗಿ ನಮ್ಮ ನಗರಸಭೆಗೆ, ನಮ್ಮ ಕಡೆ ಕರೆಂಟ್ ಕೊಡೋ ಮೆಸ್ಕಾಂಗೆ, ಜೋಗದ ಪ್ರಾಧಿಕಾರದವ್ರಿಗೆ ನನ್ನ ಕೋರಿಕೆ ಇಷ್ಟೇ. ದೆಹಲಿ ದುಡ್ಡು ಬರ್ಲಿ ಅಂತ ಕಾಯ್ಬೇಡಿ. ಎಪಿಎಂಸಿ, ಆಸ್ಪತ್ರೆ, ಬಸ್ ಸ್ಟ್ಯಾಂಡು, ಜೋಗ, ಈ ನಾಲ್ಕು ಕಡೆ ತಲಾ ನಾಲ್ಕು ಪಾಯಿಂಟ್ ಹಾಕ್ಸಿ ನೋಡಿ, ಯೂನಿಟ್ಟಿಗೆ ಹತ್ತು ರೂಪಾಯಿ ಇಟ್ರೂ ಜನ ಖುಷಿಯಿಂದ ಕೊಡ್ತಾರೆ, ನಗರಸಭೆಗೂ ನಾಲ್ಕು ಕಾಸು ಉಳೀತದೆ. ಒಂದು ವರ್ಷ ನಡೆಸಿ, ಯಾವ ಪಾಯಿಂಟ್ ಎಷ್ಟು ದಿನ ಕೆಟ್ಟು ನಿಂತಿತ್ತು ಅಂತ ಬೋರ್ಡಲ್ಲಿ ಬರೀರಿ, ಆಮೇಲೆ ಹೆಚ್ಚಿಸೋದೋ ಬಿಡೋದೋ ನೋಡೋಣ. ಜೂನಲ್ಲಿ ಮಳೆ ಹಿಡಿದು ಜೋಗದ ಸೀಸನ್ ಶುರುವಾಗೋದ್ರೊಳಗೆ ಆದ್ರೆ ಒಳ್ಳೇದು. ಇವನು ಅಂಗಡಿ ಸಾಮಾನು ಖರ್ಚಾಗ್ಲಿ ಅಂತ ಬರ್ದಿದಾನೆ ಅಂತ ಯಾರಾದ್ರೂ ಅಂದೇ ಅಂತಾರೆ, ಅದಕ್ಕೇ ಈಗ್ಲೇ ಹೇಳಿಬಿಡ್ತೀನಿ, ಸಾಕೆಟ್ಟು ವೈರು ಎಲ್ಲ ಶಿವಮೊಗ್ಗದಿಂದ್ಲೇ ತರಿಸಿ, ಟೆಂಡರಿಗೆ ನಾನು ಬರೋದಿಲ್ಲ.

ಇಂತಿ,
ಎಲೆಕ್ಟ್ರಿಕಲ್ ಅಂಗಡಿಯವ, ಸಾಗರ